ಹುಡುಗ ಎಷ್ಟು ಕೆಜಿ ಸ್ವಾಮಿ?

ಎಗ್ಮೋರ್‌ನ ಮೇಯರ್ ರಾಧಾಕೃಷ್ಣನ್ ಸ್ಟೇಡಿಯಂನಲ್ಲಿ ಜೂನಿಯರ್ ಹುಡುಗರ ಹಾಕಿ ಮ್ಯಾಚ್ ನೋಡೋಕೆ ಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ನಲ್ಲ ಬಾಡಿ ಸಾರ್, ಪೈಯನ್ ವರುವಾನ್." ಒಳ್ಳೇ ಮೈಕಟ್ಟು, ಹುಡುಗ ಮುಂದೆ ಬರ್ತಾನೆ ಅಂತ ಅರ್ಥ. ಇದನ್ನ ತಮಿಳಿನಲ್ಲಿ ಹೇಳ್ತಾರೆ, ನಮ್ಮವರು ಕನ್ನಡದಲ್ಲಿ ಹೇಳ್ತಾರೆ, ಕೊಡಗಿನಿಂದ ಬಂದವರು ಮೀಸೆ ಮೇಲೆ ಕೈ ಆಡಿಸಿಕೊಂಡು ಹೇಳ್ತಾರೆ. ಹದಿನೈದು, ಹದಿನಾರು ವರ್ಷದ ಹುಡುಗನ ಬಗ್ಗೆ ಎಲ್ಲರೂ ಕೇಳೋ ಮೊದಲನೇ ಪ್ರಶ್ನೆ "ಹೈಟ್ ಎಷ್ಟು", ಎರಡನೇ ಪ್ರಶ್ನೆ "ವೆಯ್ಟ್ ಎಷ್ಟು". ಮೂರನೇ ಪ್ರಶ್ನೆ ಇರೋದೇ ಇಲ್ಲ. ಅಲ್ಲಾ ಸ್ವಾಮಿ, ಹುಡುಗನನ್ನ ಹಾಕಿಗೆ ಸೇರಿಸ್ತಾ ಇದ್ದೀರೋ, ಕೊತ್ವಾಲ್ ಚಾವಡಿ ಮಂಡಿಯಲ್ಲಿ ತೂಕಕ್ಕೆ ಹಾಕ್ತಾ ಇದ್ದೀರೋ?

ನಾನು ಮದ್ರಾಸಿಗೆ ಬಂದು ಮೂವತ್ತು ವರ್ಷದ ಹತ್ತಿರ ಆಯ್ತು. ಊರು ಸೋಮವಾರಪೇಟೆ ಕಡೆ. ಆ ಕಡೆಯವನು ಅಂದಮೇಲೆ ಹಾಕಿ ಹುಚ್ಚು ಇರಲೇಬೇಕಲ್ಲ, ಇದೆ. ನಾನು ಕೋಚ್ ಅಲ್ಲ, ಸೆಲೆಕ್ಟರ್ ಅಲ್ಲ, ಗ್ಯಾಲರಿಯಲ್ಲಿ ಕೂತು ಕಡ್ಲೆಕಾಯಿ ಸಿಪ್ಪೆ ಉದುರಿಸಿದವನು ಅಷ್ಟೇ. ಆದರೂ ಇದನ್ನ ಬರೀತಾ ಇದ್ದೀನಿ, ಯಾಕಂದ್ರೆ ಈ "ಮೈಕಟ್ಟು" ಅನ್ನೋ ಮಾತು ಈಗ ನನಗೆ ಗೊತ್ತಿರೋ ಒಂದು ಕನ್ನಡದ ಮನೆಯಲ್ಲಿ ಹುಡುಗನ ಓದಿಗೇ ಬಂದು ನಿಂತಿದೆ.

ಹುಡುಗನಿಗೆ ಹದಿನಾರು. ಆರಡಿ ಎತ್ತರ, ಎಂಬತ್ತು ಕೆಜಿ ಮೇಲೆ. ಡಿಫೆಂಡರ್. ಹತ್ತನೇ ಕ್ಲಾಸು ಪಾಸಾಗಿದೆ, ಮಾರ್ಕ್ಸ್ ಪರವಾಗಿಲ್ಲ. ಕೋಚಿಂಗ್ ನಡೆಸೋ ಒಬ್ಬರು ಬಂದು "ಇವನನ್ನ ಎರಡು ವರ್ಷ ನಮ್ಮ ಕೈಗೆ ಕೊಡಿ, ಸ್ಕೂಲು ಬಿಡಿಸಿ, ಲೀಗ್‌ನಲ್ಲಿ ಆಡೋ ಹಾಗೆ ಮಾಡ್ತೀನಿ" ಅಂದಿದ್ದಾರೆ. ಫೀಸು ಬೇರೆ, ಕಮ್ಮಿ ಏನಿಲ್ಲ. ಅಪ್ಪ ನನ್ನ ಹತ್ತಿರ ಬಂದು "ಏನ್ ಸಾರ್, ಎಲ್ಲರೂ ಹೂಂ ಅಂತಾರೆ, ನೀವೇನಂತೀರಿ" ಅಂದರು. ಎಲ್ಲರೂ ಯಾಕೆ ಹೂಂ ಅಂದ್ರು ಅಂತ ಕೇಳಿದೆ. ಒಂದೇ ಉತ್ತರ, ಅವನ ಪರ್ಸನಾಲಿಟಿ ನೋಡಿ. ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದರು. ನಲವತ್ತು ಸೆಕೆಂಡು. ನಾಲ್ಕು ಭರ್ಜರಿ ಹಿಟ್ಟು, ಆಮೇಲೆ ಭುಜ ತಾಗಿ ಸಣ್ಣ ಹುಡುಗನೊಬ್ಬ ಮಗುಚಿ ಬೀಳೋದು. ಹಿಂದೆ ಚಪ್ಪಾಳೆ. ಆ ಬಿದ್ದ ಹುಡುಗನ ಕಡೆಯಿಂದ ನೋಡಿದ್ರೆ ಅದು ಫೌಲು, ಆದರೆ ವಿಡಿಯೋ ಅಷ್ಟೊತ್ತಿಗೆ ಮುಗಿದುಹೋಗಿತ್ತು!

ನನ್ನ ತಕರಾರು ಇಲ್ಲಿಂದ ಶುರು.

ಮೊದಲನೇದು ವಯಸ್ಸಿನ ಲೆಕ್ಕ. ಹದಿನಾರನೇ ವಯಸ್ಸಿನ ಮೈ ಅನ್ನೋದು ಸಾಲ ತಂದ ಒಡವೆ ಇದ್ದ ಹಾಗೆ. ಗಂಡು ಮಕ್ಕಳು ಸರ್ರನೆ ಬೆಳೆಯೋದು ಸುಮಾರಾಗಿ ಹದಿಮೂರು ಹದಿನಾಲ್ಕಕ್ಕೆ. ಆದರೆ ಎಲ್ಲರಿಗೂ ಒಂದೇ ದಿನ ಮಳೆ ಬರಲ್ಲ. ಒಬ್ಬನಿಗೆ ಹನ್ನೆರಡಕ್ಕೇ ಮೀಸೆ ಚಿಗುರುತ್ತೆ, ಇನ್ನೊಬ್ಬನಿಗೆ ಹದಿನೈದಾದರೂ ಧ್ವನಿ ಒಡೆದಿರಲ್ಲ. ಒಂದೇ ಕ್ಲಾಸಿನ ಇಬ್ಬರು ಹುಡುಗರ ಮೂಳೆಯ ವಯಸ್ಸಿನಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಇರೋದು ವಿಶೇಷ ಏನಲ್ಲ. ಇವರಿಬ್ಬರನ್ನ ಒಂದೇ ಮೈದಾನಕ್ಕೆ ಬಿಟ್ಟು, ಬೇಗ ಬೆಳೆದವನು ಗೆದ್ದಾಗ "ಪ್ರತಿಭೆ" ಅಂತೀವಿ. ಅದು ಪ್ರತಿಭೆ ಅಲ್ಲ ಮಾರಾಯ್ರೆ, ಕ್ಯಾಲೆಂಡರು. ಇಪ್ಪತ್ತಕ್ಕೆ ಬಂದಾಗ ಆ ಸಣ್ಣ ಹುಡುಗನೂ ಬೆಳೆದಿರ್ತಾನೆ. ಆಗ ನಮ್ಮ ದೊಡ್ಡ ಹುಡುಗನ ಹತ್ತಿರ ಮೈ ಬಿಟ್ಟು ಇನ್ನೇನಿದೆ ಅನ್ನೋದೇ ಪ್ರಶ್ನೆ.

ಇದು ನಾನು ಕೂತಲ್ಲೇ ಕಟ್ಟಿದ ಕಥೆ ಅಲ್ಲ. ಕೆನಡಾದಲ್ಲಿ ಐಸ್ ಹಾಕಿ ಅಂದ್ರೆ ನಮ್ಮಲ್ಲಿ ಕ್ರಿಕೆಟ್ ಇದ್ದಂಗೆ. ಅಲ್ಲಿ ರಾಜರ್ ಬಾರ್ನ್ಸ್‌ಲಿ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಜೂನಿಯರ್ ಆಟಗಾರರ ಹುಟ್ಟಿದ ತಿಂಗಳು ನೋಡಿ 1985ರಲ್ಲಿ ಬರೆದರು. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ, ಕೊನೆ ತಿಂಗಳವರು ಬೆರಳೆಣಿಕೆ. ಕಾರಣ ಸುಲಭ. ವಯಸ್ಸಿನ ಗುಂಪು ಜನವರಿ ಒಂದಕ್ಕೆ ಕತ್ತರಿಸ್ತಾರೆ. ಜನವರಿಯವನು ಡಿಸೆಂಬರ್‌ನವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು. ದೊಡ್ಡವನನ್ನ ಆರಿಸ್ತಾರೆ, ಆರಿಸಿದವನಿಗೆ ಒಳ್ಳೇ ಕೋಚು ಸಿಗುತ್ತೆ, ಅವನು ಮುಂದೆ ಹೋಗ್ತಾನೆ. ಆಮೇಲೆ "ನೋಡಿ, ನಾನು ಆವತ್ತೇ ಹೇಳಿದ್ದೆ" ಅಂತಾರೆ. ನಮ್ಮ ಜೂನಿಯರ್ ಹಾಕಿಯಲ್ಲೂ ಕತ್ತರಿ ಬೀಳೋದು ಜನವರಿ ಒಂದಕ್ಕೇ. ಚೆನ್ನೈ ಮತ್ತು ಮದುರೈಯಲ್ಲಿ 2025ರಲ್ಲಿ ನಡೆದ ಜೂನಿಯರ್ ವಿಶ್ವಕಪ್‌ಗೆ 2004ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರು ಮಾತ್ರ ಅಂತ ನಿಯಮ ಇತ್ತು. ಇದರ ಮೇಲೆ ನಮ್ಮ ದೇಶದ ಇನ್ನೊಂದು ರೋಗ, ಬರ್ತ್ ಸರ್ಟಿಫಿಕೇಟ್ ತಿದ್ದೋದು. ಅದು ಎಷ್ಟರ ಮಟ್ಟಿಗೆ ಇದೆ ಅಂದ್ರೆ ಕೇಂದ್ರ ಸರ್ಕಾರ 2010ರಲ್ಲಿ ಅದಕ್ಕೇ ಅಂತ ಒಂದು ರಾಷ್ಟ್ರೀಯ ಸಂಹಿತೆ ತರಬೇಕಾಯ್ತು, ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ನೋಡಬೇಕಾಯ್ತು. ಮೈ ನೋಡಿ ಆರಿಸೋ ಊರಲ್ಲಿ ವಯಸ್ಸು ಕಮ್ಮಿ ಬರೆಸೋದು ಲಾಭದ ವ್ಯಾಪಾರ. ಆ ಅಂಗಡಿ ತೆರೆದುಕೊಟ್ಟವರು ನಾವೇ.

ಎರಡನೇದು, ಆಟದ ನಿಯಮ. ಐಸ್ ಹಾಕಿಯಲ್ಲಿ ಎದುರಾಳಿಯನ್ನ ಮೈಯಿಂದ ಗುದ್ದಿ ಗೋಡೆಗೆ ಒತ್ತೋದು ಆಟದ ಭಾಗ. ನಮ್ಮ ಹಾಕಿಯಲ್ಲಿ ಎದುರಾಳಿಯ ಮೈ ಮುಟ್ಟೋ ಹಾಗಿಲ್ಲ, ಅವನ ಸ್ಟಿಕ್ಕಿಗೆ ಹೊಡೆಯೋ ಹಾಗಿಲ್ಲ, ಚೆಂಡಿಗೂ ಅವನಿಗೂ ಮಧ್ಯೆ ಮೈ ಅಡ್ಡ ಹಾಕಿ ನಿಲ್ಲೋ ಹಾಗಿಲ್ಲ. ಹಸಿರು ಕಾರ್ಡು ಬಿದ್ದರೆ ಎರಡು ನಿಮಿಷ ಹೊರಗೆ, ಹಳದಿ ಬಿದ್ದರೆ ಕನಿಷ್ಠ ಐದು ನಿಮಿಷ, ಕೆಂಪು ಬಿದ್ದರೆ ಮನೆಗೆ. ಅಷ್ಟೂ ಹೊತ್ತು ತಂಡದಲ್ಲಿ ಒಬ್ಬ ಕಮ್ಮಿ. ಡಿ ಒಳಗೆ ಡಿಫೆಂಡರ್ ಫೌಲ್ ಮಾಡಿದರೆ ಪೆನಾಲ್ಟಿ ಕಾರ್ನರ್. 23 ಮೀಟರ್ ಗೆರೆಯ ಒಳಗೆ ಬೇಕಂತಲೇ ಮಾಡಿದರೂ ಪೆನಾಲ್ಟಿ ಕಾರ್ನರ್. ಇವತ್ತಿನ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಕೊಡೋದು ಅಂದ್ರೆ ಕಳ್ಳನ ಕೈಗೆ ಬೀರುವಿನ ಬೀಗದ ಕೈ ಕೊಟ್ಟ ಹಾಗೆ.

ಇದರ ಬೆಲೆ ಎಷ್ಟು ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೀವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್, ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್. ಅಮಿತ್ ರೋಹಿದಾಸ್‌ಗೆ ಎರಡನೇ ಕ್ವಾರ್ಟರ್‌ನಲ್ಲೇ ಕೆಂಪು ಕಾರ್ಡ್ ಬಿತ್ತು. ಓಡೋ ಭರದಲ್ಲಿ ಎತ್ತಿದ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತ್ತು. ಬೇಕಂತ ಮಾಡಿದ್ದಲ್ಲ ಅಂತ ವಾದ ಮಾಡಬಹುದು, ನಾನೂ ಆವತ್ತು ಟೀವಿ ಮುಂದೆ ಹಾಗೇ ಕೂಗಾಡಿದೆ. ಆದರೆ ಕಾರ್ಡು ಕಾರ್ಡೇ. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ, 1-1 ಉಳಿಸಿಕೊಂಡು, ಶೂಟೌಟ್‌ನಲ್ಲಿ 4-2 ಗೆದ್ದರು. ಶ್ರೀಜೇಶ್ ಇದ್ದರು, ಬಚಾವಾದೆವು. ಆದರೆ ಸೆಮಿಫೈನಲ್‌ಗೆ ರೋಹಿದಾಸ್ ಇಲ್ಲ. ಪೆನಾಲ್ಟಿ ಕಾರ್ನರ್‌ಗೆ ಮೊದಲು ನುಗ್ಗಿ ತಡೆಯೋ ಆಳೇ ಇಲ್ಲದೆ ಜರ್ಮನಿ ವಿರುದ್ಧ 2-3ರಲ್ಲಿ ಸೋತೆವು. ಅಷ್ಟು ಅನುಭವ ಇರೋ ಆಟಗಾರನಿಗೇ ಹೀಗಾದರೆ, ಭುಜ ಹಾಕಿ ಬೀಳಿಸೋದನ್ನೇ ಆಟ ಅಂತ ಕಲಿತ ಹದಿನಾರರ ಹುಡುಗನ ಗತಿ ಏನು? ಜಿಲ್ಲಾ ಮಟ್ಟದಲ್ಲಿ ಅಂಪೈರ್ ಸೀಟಿ ಊದದೇ ಬಿಟ್ಟ ಒಂದೊಂದು ತಳ್ಳಾಟವೂ ಮುಂದೆ ಇವನ ಲೆಕ್ಕಕ್ಕೆ ಬಡ್ಡಿ ಸಮೇತ ಬರುತ್ತೆ.

ಮೈದಾನವೂ ಬದಲಾಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಸಲ ಕೃತಕ ಹಾಸಿನ ಮೇಲೆ ಬಂತು. ಅದಕ್ಕೂ ಮುಂಚೆ ಒಂದೇ ಒಂದು ಒಲಿಂಪಿಕ್ಸ್‌ನಲ್ಲೂ ಪದಕ ತಪ್ಪಿಸಿಕೊಳ್ಳದ ನಾವು ಆವತ್ತು ಏಳನೇ ಸ್ಥಾನಕ್ಕೆ ಇಳಿದೆವು. ಆಮೇಲೆ ಆಫ್‌ಸೈಡ್ ಹೋಯ್ತು, ಎಷ್ಟು ಸಲ ಬೇಕಾದರೂ ಆಟಗಾರರನ್ನ ಬದಲಾಯಿಸೋ ಪದ್ಧತಿ ಬಂತು, ಆಟ ಹದಿನೈದು ನಿಮಿಷದ ನಾಲ್ಕು ಭಾಗ ಆಯ್ತು. ಮಣ್ಣಿನ ಮೈದಾನದಲ್ಲಿ ಬಲವಾಗಿ ಬಾರಿಸೋನು ರಾಜ. ನೀರು ಹಾಕಿದ ಟರ್ಫ್ ಮೇಲೆ ಚೆಂಡು ಬರೋ ವೇಗಕ್ಕೆ ಮೊದಲನೇ ಸ್ಪರ್ಶದಲ್ಲೇ ಅದು ಸ್ಟಿಕ್ಕಿಗೆ ಅಂಟಬೇಕು. ಅಂಟಲಿಲ್ಲ ಅಂದ್ರೆ ನೀವು ಎಂಬತ್ತು ಕೆಜಿ ಇದ್ದರೂ ಅಷ್ಟೇ, ಐವತ್ತೆಂಟು ಕೆಜಿ ಇದ್ದರೂ ಅಷ್ಟೇ.

ಮೂರನೇದು ನಮ್ಮ ಭವಿಷ್ಯ ಹೇಳೋ ಧೈರ್ಯ. ಜೀವನವಿಡೀ ಇದೇ ಕೆಲಸ ಮಾಡೋರೇ ಎಡವುತ್ತಾರೆ. 2003ರಲ್ಲಿ ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಐಸ್ ಹಾಕಿ ಲೀಗ್‌ನ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಹನ್ನೆರಡನೇ ಆಯ್ಕೆಯಾಗಿ ಹ್ಯೂ ಜೆಸ್ಸಿಮನ್ ಅನ್ನೋ ಆರೂವರೆ ಅಡಿ ಹುಡುಗನನ್ನ ತಗೊಂಡರು. ಮೈ ನುಗ್ಗಿಸಿ ಆಡೋಕೆ ಹೇಳಿ ಮಾಡಿಸಿದ ಆಳು. ಅವನು ಆ ಲೀಗ್‌ನಲ್ಲಿ ಆಡಿದ್ದು ಎಷ್ಟು ಮ್ಯಾಚ್ ಗೊತ್ತಾ? ಎರಡು. ಅದೇ ಡ್ರಾಫ್ಟ್‌ನಲ್ಲಿ ನಲವತ್ತೈದನೆಯವನಾಗಿ ಬಂದವನು ಪ್ಯಾಟ್ರಿಸ್ ಬರ್ಜೆರಾನ್. ಡಿಫೆನ್ಸಿನ ಕೆಲಸವೂ ಮಾಡೋ ಅತ್ಯುತ್ತಮ ಫಾರ್ವರ್ಡ್‌ಗೆ ಕೊಡೋ ಸೆಲ್ಕೆ ಟ್ರೋಫಿಯನ್ನ ಆರು ಸಲ ಗೆದ್ದ. ದುಡ್ಡು, ಸ್ಕೌಟ್, ವಿಡಿಯೋ, ಡಾಕ್ಟರ್ ಎಲ್ಲ ಇರೋ ಕಡೆ ಇದು ಕಥೆ. ಮೈ ಮುಟ್ಟಿ ಆಡೋ ಆಟದಲ್ಲೇ ಹೀಗಾದರೆ ಮೈ ಮುಟ್ಟಬಾರದ ಆಟದಲ್ಲಿ ನಮ್ಮ ಗ್ಯಾಲರಿ ಜ್ಯೋತಿಷ್ಯ ಎಷ್ಟು ನಿಜ ಆದೀತು?

ದೂರದ ಉದಾಹರಣೆ ಬೇಡ ಅಂತೀರಾ, ನಮ್ಮದೇ ತಗೊಳ್ಳಿ. 2016ರಲ್ಲಿ ಲಖನೌದಲ್ಲಿ ಬೆಲ್ಜಿಯಂನ 2-1ರಲ್ಲಿ ಸೋಲಿಸಿ ನಾವು ಜೂನಿಯರ್ ವಿಶ್ವಕಪ್ ಗೆದ್ದೆವು. ಆ ಹದಿನೆಂಟು ಜನ ಚಿನ್ನದಂಥ ಹುಡುಗರು. ಅವರಲ್ಲಿ ಟೋಕಿಯೋದ ಕಂಚಿನ ತಂಡಕ್ಕೆ ಬಂದವರು ಏಳು ಜನ. ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ನೀಲಕಂಠ ಶರ್ಮಾ, ಗುರ್ಜಂತ್, ವರುಣ್, ಸಿಮ್ರನ್‌ಜೀತ್. ಕಪ್ ಎತ್ತಿದ ಕ್ಯಾಪ್ಟನ್ ಹರ್ಜೀತ್ ಸಿಂಗ್ ಮೇಲೆ ಸಿನಿಮಾ ಬಂತು, ಆದರೆ ಒಲಿಂಪಿಕ್ಸ್ ಬರಲಿಲ್ಲ. ಇನ್ನೊಂದು ಕಡೆ ಹಾರ್ದಿಕ್ ಸಿಂಗ್ ನೋಡಿ. ಆ ಜೂನಿಯರ್ ವಿಶ್ವಕಪ್ ತಂಡದಲ್ಲೇ ಇಲ್ಲ. ಟೋಕಿಯೋದಲ್ಲಿ ಮಧ್ಯದ ಮೈದಾನ ಆಳಿದ, 2023ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಶನ್‌ನ ವರ್ಷದ ಆಟಗಾರ ಆದ. ವಿಶ್ವ ಚಾಂಪಿಯನ್ ಜೂನಿಯರ್‌ಗಳ ಮೇಲೇ ಬಾಜಿ ಕಟ್ಟೋಕೆ ಆಗಲ್ಲ ಅಂದಮೇಲೆ, ಶೆಣೈ ನಗರದ ಸ್ಕೂಲ್ ಟೂರ್ನಮೆಂಟ್ ನೋಡಿ "ಇವನು ಇಂಡಿಯಾ ಆಡ್ತಾನೆ" ಅಂತ ಷರಾ ಬರೆಯೋದು ಯಾವ ಸೀಮೆ ನ್ಯಾಯ?

ಇನ್ನು ನಮ್ಮವರ ಒಂದು ಖಾಸಾ ಮಾತಿದೆ. "ಕೊಡಗಿನ ಕಡೆ ಮೈಕಟ್ಟು, ಹಾಕಿ ರಕ್ತದಲ್ಲೇ ಇದೆ." ಹೆಮ್ಮೆ ನನಗೂ ಇದೆ ಸ್ವಾಮಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ಹೆಸರು ಹೇಳ್ತಾ ಹೋದರೆ ಕಾಫಿ ಆರುತ್ತೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಅರವತ್ತು ತಂಡದಿಂದ ಮುನ್ನೂರು ದಾಟಿ ಬೆಳೆಯಿತು. 2016ರ ರಿಯೋ ಒಲಿಂಪಿಕ್ಸ್ ತಂಡದಲ್ಲಿ ಕೊಡಗಿನವರೇ ನಾಲ್ಕು ಜನ ಇದ್ದರು. ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಸರಿ. ಆಮೇಲೆ? ಟೋಕಿಯೋದಲ್ಲಿ ಪದಕ ಬಂತು, ಪ್ಯಾರಿಸ್‌ನಲ್ಲಿ ಪದಕ ಬಂತು. ಎರಡು ತಂಡದಲ್ಲೂ ಕರ್ನಾಟಕದವನು ಒಬ್ಬನೂ ಇಲ್ಲ. ತಮಿಳುನಾಡಿನವನೂ ಇಲ್ಲ. ಎಂಟು ವರ್ಷದಲ್ಲಿ ರಕ್ತ ಎಲ್ಲಿಗೆ ಹೋಯ್ತು? ಕಾರಣ ನೂರಿರಬಹುದು. ಆದರೆ ರಕ್ತ, ಮೈಕಟ್ಟು, ವಂಶ ಅನ್ನೋ ಮಾತು ಆಟಗಾರನನ್ನ ತಯಾರು ಮಾಡಲ್ಲ ಅನ್ನೋದಂತೂ ಖಾತ್ರಿ ಆಯ್ತಲ್ಲ. ಅದು ನಮ್ಮನ್ನ ಸೋಮಾರಿಗಳನ್ನ ಮಾಡುತ್ತೆ, ಅಷ್ಟೇ.

ಅದೇ ನಾಲ್ವರಲ್ಲಿ ಇಬ್ಬರನ್ನ ಪಕ್ಕಪಕ್ಕ ನಿಲ್ಲಿಸಿ ನೋಡಿ. ವಿ.ಆರ್. ರಘುನಾಥ್ ಎತ್ತರದ ಆಳು, ಡ್ರ್ಯಾಗ್ ಫ್ಲಿಕ್ಕರ್. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಮೈಯಲ್ಲಿ ಅವರ ಪಕ್ಕ ಸಣ್ಣಕ್ಕೆ ಕಾಣೋರು. ಚಿಕ್ಕಂದಿನಲ್ಲಿ ಬಿದಿರಿನ ಕೋಲು ಹಿಡಿದು ಆಡಿದವರು. 2007ರಲ್ಲಿ ಭಾರತ ತಂಡಕ್ಕೆ ಬಂದು, 264 ಮ್ಯಾಚ್ ಆಡಿ, 2021ರಲ್ಲಿ ನಿವೃತ್ತರಾದರು. ಅವರ ಕಾಲಿನ ವೇಗಕ್ಕೆ ಯುರೋಪಿನ ಆರಡಿ ಡಿಫೆಂಡರ್‌ಗಳು ಸುಸ್ತು ಹೊಡೆದಿದ್ದನ್ನ ನಾವೆಲ್ಲ ನೋಡಿದ್ದೀವಿ. ಹದಿನಾಲ್ಕು ವರ್ಷದ ಸುನಿಲ್ ಇವತ್ತು ನಮ್ಮ ಗ್ಯಾಲರಿ ಪಂಡಿತರ ಮುಂದೆ ಟ್ರಯಲ್ಸ್‌ಗೆ ನಿಂತರೆ "ಇನ್ನೊಂದು ಸ್ವಲ್ಪ ಊಟ ಮಾಡಪ್ಪಾ" ಅಂತ ಕಳಿಸ್ತಾರೆ. ಇದೇ ನನ್ನ ಸಿಟ್ಟು. ದೊಡ್ಡ ಹುಡುಗನಿಗೆ ಸುಳ್ಳು ಆಸೆ, ಸಣ್ಣ ಹುಡುಗನಿಗೆ ಸುಳ್ಳು ನಿರಾಸೆ. ಎರಡೂ ಒಂದೇ ತಕ್ಕಡಿಯ ಕೆಲಸ.

"ಹಂಗಾದ್ರೆ ಮೈ ಬೇಡವೇ ಬೇಡವಾ?" ಅಂತ ಕೇಳ್ತೀರಿ, ಗೊತ್ತು. ಬೇಕು. ನಾನು ಹುಲ್ಲುಕಡ್ಡಿಗಳ ವಕೀಲ ಅಲ್ಲ. 2025ರ ಡಿಸೆಂಬರ್ 7ರಂದು ಇದೇ ಎಗ್ಮೋರ್‌ನಲ್ಲಿ ಜೂನಿಯರ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ನಮ್ಮ ಹುಡುಗರನ್ನ 5-1ರಲ್ಲಿ ಹೊಡೆದು ಹಾಕ್ತು. ಅಂಥ ತಂಡದ ಎದುರು ಗಟ್ಟಿ ಸೊಂಟ, ಗಟ್ಟಿ ತೊಡೆ ಇಲ್ಲದೆ ನಿಲ್ಲೋಕೆ ಆಗಲ್ಲ. ಬಗ್ಗಿ ಟ್ಯಾಕಲ್ ಮಾಡಬೇಕು, ಎದ್ದು ಓಡಬೇಕು, ಮತ್ತೆ ಬಗ್ಗಬೇಕು. ಡ್ರ್ಯಾಗ್ ಫ್ಲಿಕ್‌ಗೆ ಉದ್ದನೆಯ ಕೈಕಾಲು, ಬಲವಾದ ಬೆನ್ನು ನಿಜವಾದ ಆಸ್ತಿ. ಹರ್ಮನ್‌ಪ್ರೀತ್ ಪ್ಯಾರಿಸ್‌ನಲ್ಲಿ ಹತ್ತು ಗೋಲು ಹೊಡೆದಿದ್ದು ಸುಮ್ಮನೆ ಅಲ್ಲ. ಆದರೆ ಆ ಹತ್ತು ಗೋಲಿನ ಹಿಂದೆ ಇರೋದು ಸಾವಿರ ಸಾವಿರ ಸಲ ಅದೇ ಹೆಜ್ಜೆ, ಅದೇ ಸೊಂಟದ ತಿರುವು, ಅದೇ ಮಣಿಕಟ್ಟು. ಮೈ ಅನ್ನೋದು ಬಂಡವಾಳ. ವ್ಯಾಪಾರ ಗೊತ್ತಿಲ್ಲದವನ ಕೈಯಲ್ಲಿ ಬಂಡವಾಳ ಎಷ್ಟು ದಿನ ಉಳಿಯುತ್ತೆ ಅಂತ ಸೌಕಾರ್‌ಪೇಟೆಯಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ.

ಹಾಗಾದ್ರೆ ಏನು ನೋಡಬೇಕು? ನನಗೆ ತಿಳಿದಷ್ಟು ಹೇಳ್ತೀನಿ.

ಚೆಂಡು ಬರೋ ಮುಂಚೆ ಹುಡುಗನ ಕತ್ತು ನೋಡಿ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗುತ್ತಾ? ಅಥವಾ ಚೆಂಡು ಸ್ಟಿಕ್ಕಿಗೆ ಬಂದಮೇಲೆ ತಲೆ ಎತ್ತಿ "ಈಗ ಯಾರಿಗೆ ಕೊಡಲಿ" ಅಂತ ಹುಡುಕ್ತಾನಾ? ಮೊದಲನೆಯವನು ಬೆಳೀತಾನೆ. ಎರಡನೆಯವನಿಗೆ ಈಗ ಮೈ ಇದೆ ಅಂತ ಟೈಮ್ ಸಿಗ್ತಾ ಇದೆ, ಮುಂದೆ ಸಿಗಲ್ಲ.

ಟ್ಯಾಕಲ್ ಮಾಡುವಾಗ ಕಾಲು ನೋಡಿ. ಕಾಲು ಮೊದಲು ಹೋಗಿ, ಎದುರಾಳಿಯನ್ನ ಗೆರೆ ಕಡೆಗೆ ತಳ್ಳಿಕೊಂಡು ಹೋಗಿ, ಆಮೇಲೆ ಸ್ಟಿಕ್ ಇಡ್ತಾನಾ? ಅಥವಾ ನಿಂತಲ್ಲಿಂದಲೇ ಮರ ಬಿದ್ದಂಗೆ ಬೀಳ್ತಾನಾ? ಒಂದು ನೋಟ್‌ಬುಕ್ ಇಟ್ಟುಕೊಂಡು ಹತ್ತು ಮ್ಯಾಚ್‌ನಲ್ಲಿ ಇವನಿಂದ ಎಷ್ಟು ಪೆನಾಲ್ಟಿ ಕಾರ್ನರ್ ಹೋಯ್ತು, ಎಷ್ಟು ಕಾರ್ಡ್ ಬಿತ್ತು ಬರೆದುಕೊಳ್ಳಿ. ಇವನು ಹೊಡೆದ ಗೋಲು ಎಲ್ಲರೂ ಎಣಿಸ್ತಾರೆ, ಇವನು ಕೊಟ್ಟಿದ್ದನ್ನ ಯಾರೂ ಎಣಿಸಲ್ಲ.

ಚೆಂಡು ಕಳಕೊಂಡ ಮೇಲಿನ ಐದು ಸೆಕೆಂಡು ನೋಡಿ. ಸೊಂಟದ ಮೇಲೆ ಕೈ ಇಟ್ಟು ನಿಲ್ತಾನಾ, ತಿರುಗಿ ಓಡ್ತಾನಾ? ಅದೂ ನಾಲ್ಕನೇ ಕ್ವಾರ್ಟರ್‌ನಲ್ಲಿ, ಚೆನ್ನೈ ಮೇ ತಿಂಗಳ ಬೆವರಲ್ಲಿ. ದೊಡ್ಡ ಮೈ ಹೊತ್ತು ಓಡೋದಕ್ಕೆ ಖರ್ಚು ಜಾಸ್ತಿ, ಆ ಖರ್ಚಿಗೆ ಇವನ ಹತ್ತಿರ ಜಮಾ ಇದೆಯಾ ಅಂತ ಗೊತ್ತಾಗೋದು ಆಗಲೇ.

ಎಲ್ಲಕ್ಕಿಂತ ಮುಖ್ಯವಾಗಿ, ಇವನನ್ನ ಇವನಿಗಿಂತ ದೊಡ್ಡವರ ಜೊತೆ ಆಡಿಸಿ ನೋಡಿ. ಬ್ಯಾಂಕ್ ಟೀಮಿನವರು, ರೈಲ್ವೆಯವರು, ಐಸಿಎಫ್‌ನವರು ಪ್ರಾಕ್ಟೀಸ್ ಮಾಡುವಾಗ ಇವನಿಗೆ ಅರ್ಧ ಗಂಟೆ ಜಾಗ ಕೊಡಿಸಿ. ಅಲ್ಲಿ ಎಲ್ಲರೂ ಗಟ್ಟಿಮುಟ್ಟು. ಮೈಯ ಲಾಭ ಸೊನ್ನೆ ಆದಮೇಲೆ ಏನು ಉಳಿಯುತ್ತೋ ಅದು ಹುಡುಗನ ಆಟ. ಆ ವಿಶ್ವಕಪ್‌ನಲ್ಲಿ ನಮ್ಮವರು ಒಮಾನ್ ಮೇಲೆ 17-0 ಗೆದ್ದರು. ಅದನ್ನ ನೋಡಿ ಯಾರನ್ನಾದರೂ ಅಳೆಯೋಕೆ ಆಗುತ್ತಾ? ಅಳೆಯಬೇಕಾಗಿದ್ದು ಅರ್ಜೆಂಟೀನಾ ಜೊತೆ ಕಂಚಿನ ಮ್ಯಾಚ್. ಮೂರು ದಿನದ ಹಿಂದೆ ಐದು ಗೋಲು ತಿಂದು ಬಂದ ಹುಡುಗರು, 0-2 ಹಿಂದೆ, ಕೊನೆ ಕ್ವಾರ್ಟರ್ ನಡೀತಾ ಇದೆ. ಅಲ್ಲಿಂದ ನಾಲ್ಕು ಗೋಲು ಹೊಡೆದು 4-2 ಗೆದ್ದರು. ಆಗ ಅವರ ಕೋಚ್ ಆಗಿದ್ದವರು ಶ್ರೀಜೇಶ್. ಕೇರಳದ ಸ್ಪೋರ್ಟ್ಸ್ ಸ್ಕೂಲಿಗೆ ಅವರು ಹೋಗಿದ್ದು ಓಟ, ಜಿಗಿತದ ಹುಡುಗನಾಗಿ. ಅಲ್ಲಿನ ಕೋಚ್ ಗೋಲ್‌ಕೀಪರ್ ಪ್ಯಾಡ್ ಕಟ್ಟಿಸಿದರು. ಹದಿಮೂರಕ್ಕೆ ಯಾರಾದರೂ "ನೀನು ಇಷ್ಟೇ" ಅಂತ ಬರೆದಿಟ್ಟಿದ್ದರೆ ನಮಗೆ ಎರಡು ಒಲಿಂಪಿಕ್ ಪದಕದ ಗೋಲ್‌ಕೀಪರ್ ಸಿಗ್ತಿರಲಿಲ್ಲ.

ಈಗ ಕೊನೇ ಮಾತು, ಅತೀ ಮುಖ್ಯವಾದದ್ದು. "ಪ್ರೊಫೆಷನಲ್ ಆಗ್ತಾನೆ" ಅಂತಾರಲ್ಲ, ನಮ್ಮ ದೇಶದ ಹಾಕಿಯಲ್ಲಿ ಪ್ರೊಫೆಷನಲ್ ಅಂದ್ರೆ ಏನು? ಲೀಗ್ ಅಂತೀರಿ. 2024ರ ಅಕ್ಟೋಬರ್‌ನ ಹರಾಜಿನಲ್ಲಿ ಹರ್ಮನ್‌ಪ್ರೀತ್ 78 ಲಕ್ಷಕ್ಕೆ ಹೋದರು, ಪೇಪರ್‌ನಲ್ಲಿ ದೊಡ್ಡದಾಗಿ ಬಂತು. ಅದೇ ಹರಾಜಿನಲ್ಲಿ ಮೂಲ ಬೆಲೆ 2 ಲಕ್ಷದಿಂದ ಶುರುವಾಗಿತ್ತು ಅನ್ನೋದು ಸಣ್ಣದಾಗಿ ಬಂತು. ಗಂಡಸರ ಎಂಟು ತಂಡ, ಒಂದೊಂದು ತಂಡದಲ್ಲಿ ಕನಿಷ್ಠ ನಾಲ್ಕು ಜೂನಿಯರ್. ಅಂದರೆ ಇಡೀ ದೇಶದ ಜೂನಿಯರ್‌ಗಳಿಗೆ ಗ್ಯಾರಂಟಿ ಇದ್ದಿದ್ದು ಮೂವತ್ತೆರಡು ಸೀಟು. ಚೆನ್ನೈಗೆ ತಮಿಳುನಾಡು ಡ್ರ್ಯಾಗನ್ಸ್ ಬಂತು, ಬೆಂಗಳೂರಿಗೆ ಅದೂ ಇಲ್ಲ.

ಅದೂ ಲೀಗ್ ಇದ್ದರೆ ತಾನೇ? ಪ್ರೀಮಿಯರ್ ಹಾಕಿ ಲೀಗ್ 2005ರಲ್ಲಿ ಬಂತು, 2008ಕ್ಕೆ ಮುಗೀತು. ಬೆಂಗಳೂರು ಲಯನ್ಸ್, ಚೆನ್ನೈ ವೀರನ್ಸ್ ಅಂತ ನಾವು ಕಚ್ಚಾಡಿದ್ದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ವರ್ಲ್ಡ್ ಸೀರೀಸ್ ಹಾಕಿ 2012ರಲ್ಲಿ ಬಂತು, ಒಂದೇ ಸೀಸನ್. ಹಾಕಿ ಇಂಡಿಯಾ ಲೀಗ್ 2013ರಿಂದ 2017ರವರೆಗೆ ನಡೆದು ನಿಂತುಹೋಯ್ತು, ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್ ಕೊನೆಗೆ. ಏಳು ವರ್ಷಕ್ಕೂ ಹೆಚ್ಚು ಖಾಲಿ! 2017ರಲ್ಲಿ ಹದಿನೆಂಟು ಇದ್ದವನಿಗೆ ಲೀಗ್ ತಿರುಗಿ ಬರೋ ಹೊತ್ತಿಗೆ ಇಪ್ಪತ್ತೈದು. ಅವನನ್ನ ಅಷ್ಟು ದಿನ ಸಾಕಿದ್ದು ಯಾರು?

ಸಾಕಿದ್ದು ನೌಕರಿ. ರೈಲ್ವೆ, ಸೈನ್ಯ, ಪೆಟ್ರೋಲಿಯಂ ಕಂಪನಿಗಳು, ಬ್ಯಾಂಕು, ಪೊಲೀಸು. ಚೆನ್ನೈನಲ್ಲೇ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಇಂಡಿಯನ್ ಬ್ಯಾಂಕ್, ಸದರ್ನ್ ರೈಲ್ವೆ, ಐಸಿಎಫ್ ತಂಡಗಳ ಹಿಂದೆ ಎಷ್ಟು ಮನೆ ಒಲೆ ಉರಿದಿದೆ ಲೆಕ್ಕ ಹಾಕಿ. ಭಾರತದ ಹಾಕಿ ಆಟಗಾರನ ನಿಜವಾದ ಪ್ರೊಫೆಷನ್ ಸ್ಪೋರ್ಟ್ಸ್ ಕೋಟಾ. ಆ ಕೋಟಾ ಅರ್ಜಿಯಲ್ಲಿ ಹೈಟ್, ವೆಯ್ಟ್ ಜೊತೆ ಇನ್ನೊಂದು ಕಾಲಂ ಇರುತ್ತೆ. ವಿದ್ಯಾಭ್ಯಾಸ. ರೈಲ್ವೆಯಲ್ಲಿ ಹತ್ತನೇ ಕ್ಲಾಸಿನವನಿಗೆ ಸಿಗೋ ಹುದ್ದೆ ಬೇರೆ, ಹನ್ನೆರಡನೇ ಕ್ಲಾಸಿನವನಿಗೆ ಬೇರೆ, ಡಿಗ್ರಿ ಇದ್ದವನಿಗೆ ಬೇರೆ. ಹುಡುಗನ ಸ್ಕೂಲು ಬಿಡಿಸಿ "ಪ್ರೊಫೆಷನಲ್ ಮಾಡ್ತೀನಿ" ಅನ್ನೋರು ಆ ಕಾಲಂನಲ್ಲಿ ಏನು ಬರೆಸ್ತಾರೆ ಕೇಳಿ ನೋಡಿ. ಮೊಣಕಾಲಿನ ಲಿಗಮೆಂಟು ಒಂದು ಸಲ ಹರಿದರೆ ಎಂಬತ್ತು ಕೆಜಿಯ ಹುಡುಗನಿಗೂ ಅದೇ ಪ್ಲಾಸ್ಟರು, ಅದೇ ಮಂಚ. ಆಗ ಕೈಯಲ್ಲಿ ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಇರಬೇಕೋ ಬೇಡವೋ?

ಆ ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ. ಆಟ ಬಿಡಿಸಬೇಡಿ, ಓದೂ ಬಿಡಿಸಬೇಡಿ. ಸರ್ಕಾರದ ಸ್ಪೋರ್ಟ್ಸ್ ಹಾಸ್ಟೆಲ್‌ಗಳಿವೆ, ಆಟದ ಜೊತೆ ಸ್ಕೂಲೂ ನಡೆಯುತ್ತೆ. ತಮಿಳುನಾಡಿನಲ್ಲಿ ಕೋವಿಲ್‌ಪಟ್ಟಿಯಂಥ ಹಾಕಿ ಊರಿದೆ, ನಮ್ಮ ಕಡೆ ಮಡಿಕೇರಿ, ಪೊನ್ನಂಪೇಟೆ ಇದೆ. ಅಲ್ಲಿ ಟ್ರಯಲ್ಸ್ ಕೊಡಿಸಿ. ಆಯ್ಕೆ ಆಗಲಿಲ್ಲ ಅಂದ್ರೆ ಯಾಕೆ ಆಗಲಿಲ್ಲ ಅಂತ ಕೋಚ್‌ನ ಕೇಳಿ ಬರೆದುಕೊಳ್ಳಿ, ಆರು ತಿಂಗಳು ಅದರ ಮೇಲೆ ಕೆಲಸ ಮಾಡಿಸಿ. ಹದಿನೆಂಟು ಹತ್ತೊಂಬತ್ತರವರೆಗೆ ಯಾವ ತೀರ್ಪೂ ಬೇಡ. ಅವರಿಗೆ ನನ್ನ ಮಾತು ಪೂರ್ತಿ ರುಚಿಸಿದ ಹಾಗೆ ಕಾಣಲಿಲ್ಲ. ಇರಲಿ, ಮಗ ಅವರದು.

ಮಕ್ಕಳನ್ನ ತಯಾರು ಮಾಡೋ ಕೋಚ್‌ಗಳಿಗೆ, ಟೂರ್ನಮೆಂಟ್ ನಡೆಸೋ ಸಂಘದವರಿಗೆ, ಗ್ಯಾಲರಿಯ ನನ್ನಂಥವರಿಗೆ ಒಂದು ಬೇಡಿಕೆ. ಟ್ರಯಲ್ಸ್ ಫಾರಂನಲ್ಲಿ ಹೈಟ್, ವೆಯ್ಟ್ ಕಾಲಂ ಪಕ್ಕ ಹುಟ್ಟಿದ ತಿಂಗಳನ್ನೂ ಎದ್ದು ಕಾಣೋ ಹಾಗೆ ಹಾಕಿ, ಆರಿಸುವಾಗ ಅದನ್ನ ನೋಡಿ. ಕೈಬಿಟ್ಟ ಸಣ್ಣ ಹುಡುಗರನ್ನ ಒಂದು ವರ್ಷ ಬಿಟ್ಟು ಮತ್ತೆ ಕರೆಯಿರಿ. ದೊಡ್ಡ ಹುಡುಗ ಭುಜ ಹಾಕಿದಾಗ ಚಪ್ಪಾಳೆ ತಟ್ಟಬೇಡಿ, ಅಂಪೈರ್ ಸೀಟಿ ಊದಲಿ, ಅವನು ಎರಡು ನಿಮಿಷ ಹೊರಗೆ ಕೂತು ಕಲೀಲಿ. ಇಷ್ಟು ಮಾಡೋಕೆ ಸರ್ಕಾರದ ದುಡ್ಡೂ ಬೇಡ, ವಿದೇಶಿ ಕೋಚೂ ಬೇಡ.

ನಾನು ಹೇಳಿದ್ದು ಸರಿಯಿಲ್ಲ ಅನ್ನೋರು ಧಾರಾಳವಾಗಿ ಜಗಳಕ್ಕೆ ಬನ್ನಿ. ಆದರೆ ಬರುವಾಗ ಹುಡುಗನ ತೂಕ ಹೇಳಬೇಡಿ, ಅವನು ಹತ್ತು ಮ್ಯಾಚ್‌ನಲ್ಲಿ ಕೊಟ್ಟ ಪೆನಾಲ್ಟಿ ಕಾರ್ನರ್ ಲೆಕ್ಕ ತಗೊಂಡು ಬನ್ನಿ. ಏನಂತೀರಿ?